ಜಾಲತಾಣದ ಸಂದರ್ಶಕ ವರದಿ: ಒಂದು ಆಕರ ವಿಮರ್ಶೆ

ಇತಿಹಾಸದ ವಿದ್ಯಾರ್ಥಿಯು ಯಾವ ಆಕರವನ್ನು ಕೈಗೆತ್ತಿಕೊಂಡರೂ ಮೊದಲು ಕೇಳತಕ್ಕ ಪ್ರಶ್ನೆಗಳು ಮೂರು: ಇದನ್ನು ಬರೆಯಿಸಿದವರು ಯಾರು? ಯಾವ ಪ್ರಯೋಜನಕ್ಕಾಗಿ ಬರೆಯಿಸಿದರು? ಬರೆಯದೆ ಬಿಟ್ಟುದು ಏನು? ದಾನಶಾಸನವು ದಾನಿಯ ಹೆಸರನ್ನೂ ಭೂಮಿಯ ಎಲ್ಲೆಯನ್ನೂ ವಿಸ್ತಾರವಾಗಿ ಹೇಳಿ, ಆ ಭೂಮಿಯನ್ನು ಉತ್ತವರ ವಿಷಯದಲ್ಲಿ ಬಹುಮಟ್ಟಿಗೆ ಮೌನವಾಗಿರುವುದನ್ನು ನಾವೆಲ್ಲರೂ ಬಲ್ಲೆವು. ಆ ಮೌನವನ್ನು ಕಂಡು ಉಳುವವರೇ ಇರಲಿಲ್ಲವೆಂದು ಯಾರೂ ತೀರ್ಮಾನಿಸುವುದಿಲ್ಲ. ಆದರೆ ನಮ್ಮ ಕಾಲದ ಒಂದು ಹೊಸ ಬಗೆಯ ದಾಖಲೆಯ ಮುಂದೆ ಈ ಎಚ್ಚರವನ್ನು ನಾವು ಮರೆಯುತ್ತಿರುವಂತೆ ತೋರುತ್ತದೆ. ಜಾಲತಾಣಕ್ಕೆ ಎಷ್ಟು ಜನ ಬಂದರು, ಯಾವ ಪುಟವನ್ನು ನೋಡಿದರು, ಎಷ್ಟು ಹೊತ್ತು ನಿಂತರು ಎಂಬುದನ್ನು ಲೆಕ್ಕಹಾಕಿ ಕೊಡುವ ಅನಲಿಟಿಕ್ಸ್ ವರದಿಯೇ ಆ ದಾಖಲೆ. ಅದನ್ನು ಒಂದು ಆಕರವೆಂದು ಭಾವಿಸಿ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ನನ್ನನ್ನು ಪ್ರೇರಿಸಿದುದು ಒಂದು ಸಮಿತಿಯ ಸಭೆ. ವಿದ್ಯಾಸಂಸ್ಥೆಯೊಂದು ಹಳೆಯ ಶಾಸನಸಂಪುಟಗಳನ್ನೂ ಗೆಜೆಟಿಯರುಗಳನ್ನೂ ಸ್ಕ್ಯಾನ್ ಮಾಡಿಸಿ ತನ್ನ ಜಾಲತಾಣದಲ್ಲಿ ಇರಿಸಿದ್ದಿತು. ಸಭೆಯ ಮುಂದೆ ಬಂದ ವರದಿಯ ಪ್ರಕಾರ ಆ ಭಾಗಕ್ಕೆ ಬಂದವರು ಅತ್ಯಲ್ಪ; ಬಂದವರೂ ಕ್ಷಣಮಾತ್ರ ನಿಂತು ಹೋದವರು. ಉಳಿದ ಸಂಪುಟಗಳ ಕೆಲಸವನ್ನು ನಿಲ್ಲಿಸಬಹುದೆಂಬ ಸೂಚನೆ ಬಂದಿತು. ಅಂಕಿಗಳನ್ನು ಕಂಡು ನಾನೂ ತಲೆಯಾಡಿಸಿದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅಂಕಿಗಳು ಸುಳ್ಳಾಗಿರಲಿಲ್ಲ, ಅವು ಯಾವುದರ ಅಂಕಿಗಳೆಂಬುದನ್ನು ನಾವು ವಿಚಾರಿಸಿರಲಿಲ್ಲ.

ಮೊದಲು ಈ ದಾಖಲೆಯ ಹುಟ್ಟನ್ನು ನೋಡೋಣ. ೧೯೯೦ರ ದಶಕದಲ್ಲಿ ಸಂದರ್ಶಕರನ್ನು ಎಣಿಸಲು ಇದ್ದ ಮುಖ್ಯ ಸಾಧನವೆಂದರೆ ಸರ್ವರಿನ ಲಾಗ್. ಪುಟವನ್ನೋ ಚಿತ್ರವನ್ನೋ ಕೇಳಿ ಬಂದ ಪ್ರತಿಯೊಂದು ಕೋರಿಕೆಗೂ ಅದರಲ್ಲಿ ಒಂದು ಸಾಲು: ಕೇಳಿದ ಯಂತ್ರದ ವಿಳಾಸ, ವೇಳೆ, ಕೇಳಿದ ಕಡತ, ಕೊಟ್ಟ ಉತ್ತರ. ಇದು ತಾಣವನ್ನು ನಡೆಸುವವರ ಮನೆಯಲ್ಲೇ ಉಳಿಯುವ ದಿನಚರಿ. ೧೯೯೪ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲ್ಲಿ ಕುಕಿಯನ್ನು ರೂಪಿಸಿದ ಮೇಲೆ, ಒಮ್ಮೆ ಬಂದ ಬ್ರೌಸರು ಮತ್ತೆ ಬಂದಾಗ ಗುರುತಿಸುವುದು ಸುಲಭವಾಯಿತು. ಅನಂತರ ಪುಟದೊಳಗೆ ಸೇರಿಸಿದ ಜಾವಾಸ್ಕ್ರಿಪ್ಟ್ ತುಣುಕೊಂದು ಓದುಗನ ಬ್ರೌಸರಿನಿಂದಲೇ ಸುದ್ದಿ ಕಳುಹಿಸುವ ಪದ್ಧತಿ ಬಳಕೆಗೆ ಬಂದಿತು. ೨೦೦೫ರಲ್ಲಿ ಗೂಗಲ್ ಸಂಸ್ಥೆಯು ಅರ್ಚಿನ್ ಎಂಬ ಸಂಸ್ಥೆಯನ್ನು ಕೊಂಡು, ಅದೇ ವರ್ಷದ ನವೆಂಬರಿನಲ್ಲಿ ಗೂಗಲ್ ಅನಲಿಟಿಕ್ಸ್ ಎಂಬ ಹೆಸರಿನಿಂದ ಈ ಸಾಧನವನ್ನು ಉಚಿತವಾಗಿ ಕೊಡತೊಡಗಿತು. ಜಾಹೀರಾತನ್ನು ಕಂಡು ಬಂದವನು ಕೊಂಡನೋ ಇಲ್ಲವೋ ಎಂಬುದೇ ಅದು ಮುಖ್ಯವಾಗಿ ಉತ್ತರಿಸಬೇಕಾಗಿದ್ದ ಪ್ರಶ್ನೆ. ಅಂಗಡಿಗಾಗಿ ಹುಟ್ಟಿದ ಅಳತೆಗೋಲು ಗ್ರಂಥಾಲಯಕ್ಕೂ ಬಂದಿತೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದುವರಿಯಬೇಕು.

ಇನ್ನು ವರದಿಯ ಪರಿಭಾಷೆ. ‘ಬಳಕೆದಾರ’ನೆಂದು ವರದಿಯು ಹೇಳುವಾಗ ಸಾಮಾನ್ಯವಾಗಿ ಅದರ ಅರ್ಥ ಒಬ್ಬ ಮನುಷ್ಯನಲ್ಲ, ಒಂದು ಬ್ರೌಸರಿನಲ್ಲಿರುವ ಒಂದು ಕುಕಿ. ಒಬ್ಬನೇ ವಿದ್ಯಾರ್ಥಿ ಕಾಲೇಜಿನ ಕಂಪ್ಯೂಟರಿನಲ್ಲಿಯೂ ತನ್ನ ಫೋನಿನಲ್ಲಿಯೂ ಓದಿದರೆ ಇಬ್ಬರಾಗುತ್ತಾನೆ. ಗ್ರಂಥಾಲಯದ ಒಂದೇ ಯಂತ್ರದ ಒಂದೇ ಬ್ರೌಸರಿನಲ್ಲಿ ಹತ್ತು ಮಂದಿ ಸರದಿಯಂತೆ ಓದಿದರೆ ಒಬ್ಬನಾಗುತ್ತಾರೆ. ೨೦೧೯ರಿಂದ ಆಪಲ್ ಸಂಸ್ಥೆಯ ಸಫಾರಿ ಬ್ರೌಸರು ಇಂಥ ಕುಕಿಗಳ ಆಯುಸ್ಸನ್ನು ೭ ದಿನಗಳಿಗೆ ಮಿತಗೊಳಿಸಿದೆ. ಆದ್ದರಿಂದ ಹತ್ತು ದಿನ ಬಿಟ್ಟು ಮತ್ತೆ ಬಂದ ಹಳೆಯ ಓದುಗನು ಅಲ್ಲಿ ಹೊಸಬನೆನಿಸಿಕೊಳ್ಳುತ್ತಾನೆ. ಗುರುತಿಸಿಕೊಳ್ಳಲು ಒಪ್ಪದವರು ಲೆಕ್ಕದಿಂದ ಹೊರಗುಳಿಯುವುದೂ ಉಂಟು. ಆ ತೆರಪನ್ನು ಕೆಲವೆಡೆ ಅಂದಾಜಿನಿಂದ ತುಂಬುವುದೂ ಉಂಟು.

ಇದಕ್ಕಿಂತ ಗಹನವಾದುದು ಕಾಲದ ಅಳತೆ. ಗೂಗಲ್ ಅನಲಿಟಿಕ್ಸಿನ ಹಳೆಯ ಆವೃತ್ತಿಯು ಒಂದು ಪುಟ ತೆರೆದ ವೇಳೆಯನ್ನು ಮುಂದಿನ ಪುಟ ತೆರೆದ ವೇಳೆಯಿಂದ ಕಳೆದು ಓದಿನ ಅವಧಿಯನ್ನು ಪಡೆಯುತ್ತಿದ್ದಿತು. ಒಬ್ಬನು ಒಂದೇ ಪುಟವನ್ನು ಅರ್ಧ ಗಂಟೆ ಮನಸ್ಸಿಟ್ಟು ಓದಿ ಮುಚ್ಚಿದರೆ ಕಳೆಯುವುದಕ್ಕೆ ಎರಡನೆಯ ಸಂಖ್ಯೆಯೇ ಇಲ್ಲ. ಅವನ ಅವಧಿ ಸೊನ್ನೆ. ಹೀಗೆ ಒಂದೇ ಪುಟ ನೋಡಿ ಹೋದವರ ಪ್ರಮಾಣಕ್ಕೆ ‘ಬೌನ್ಸ್ ರೇಟ್’ ಎಂದು ಹೆಸರು. ೨೦೨೦ರಲ್ಲಿ ಬಂದ ನಾಲ್ಕನೆಯ ಆವೃತ್ತಿಯು ಈ ಲಕ್ಷಣವನ್ನೇ ಬದಲಿಸಿತು. ಇದರಲ್ಲಿ ೧೦ ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತ ಭೇಟಿ, ಅಥವಾ ಎರಡು ಪುಟಗಳನ್ನು ನೋಡಿದ ಭೇಟಿ, ಅಥವಾ ಮುಖ್ಯವೆಂದು ಮೊದಲೇ ಗೊತ್ತುಪಡಿಸಿದ ಕ್ರಿಯೆಯೊಂದು ನಡೆದ ಭೇಟಿಯು ‘ತೊಡಗಿದ’ ಭೇಟಿಯೆನಿಸುತ್ತದೆ, ಉಳಿದುದು ಬೌನ್ಸ್. ಹಿಂದೆ ಅರ್ಧ ಗಂಟೆ ಓದಿದವನು ಉದಾಸೀನ. ಈಗ ಹನ್ನೊಂದು ಸೆಕೆಂಡು ನಿಂತವನು ಆಸಕ್ತ. ಹೆಸರು ಮಾತ್ರ ಒಂದೇ. ೨೦೧೯ರ ಮತ್ತು ೨೦೨೩ರ ಬೌನ್ಸ್ ರೇಟುಗಳನ್ನು ಒಂದೇ ಕೋಷ್ಟಕದಲ್ಲಿಟ್ಟು ಏರಿಳಿತವನ್ನು ವರ್ಣಿಸುವುದು, ಬೇರೆ ಬೇರೆ ಗಳೆಗಳಿಂದ ಅಳೆದ ಮತ್ತರುಗಳನ್ನು ವಿಚಾರಿಸದೆ ಕೂಡಿದಂತೆಯೇ ಸರಿ. ಶಾಸನಗಳಲ್ಲಿಯಾದರೂ ಎಷ್ಟೋ ಕಡೆ ಅಳೆದ ಗಳೆಯ ಹೆಸರನ್ನು ಹೇಳಿರುತ್ತಾರೆ. ಸಮಿತಿಯ ಮುಂದೆ ಬರುವ ಕೋಷ್ಟಕದಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ನಮ್ಮ ಸಂಪುಟಗಳ ವಿಷಯದಲ್ಲಿ ಇನ್ನೊಂದು ಲೋಪವಿದ್ದಿತು. ಎಣಿಸುವ ಜಾವಾಸ್ಕ್ರಿಪ್ಟ್ ತುಣುಕು ಇರುವುದು ಜಾಲಪುಟದಲ್ಲಿ; ಸಂಪುಟಗಳಿದ್ದುದು ಪಿಡಿಎಫ್ ಕಡತಗಳಾಗಿ. ಹುಡುಕುಯಂತ್ರದಲ್ಲಿ ಗ್ರಾಮದ ಹೆಸರನ್ನು ಹಾಕಿ, ದೊರೆತ ಕೊಂಡಿಯಿಂದ ನೇರವಾಗಿ ಪಿಡಿಎಫನ್ನೇ ತೆರೆದ ಓದುಗನು ತಾಣದ ಯಾವ ಪುಟವನ್ನೂ ಹಾಯದೆ ಸಂಪುಟವನ್ನು ಪಡೆದಿರುತ್ತಾನೆ. ವರದಿಯ ದೃಷ್ಟಿಯಲ್ಲಿ ಅವನು ಬಂದೇ ಇಲ್ಲ. ಸಭೆಯ ಬಳಿಕ ಸರ್ವರಿನ ಲಾಗನ್ನು ತರಿಸಿ ನೋಡಿದಾಗ, ಉಳಿದಿದ್ದ ಕೆಲವೇ ವಾರಗಳ ಸಾಲುಗಳಲ್ಲಿ ಆ ಕಡತಗಳನ್ನು ಕೇಳಿದ ಕೋರಿಕೆಗಳು ಕಂಡುಬಂದುವು. ಅವೆಲ್ಲ ಮನುಷ್ಯರವೆಂದು ನಾನು ವಾದಿಸುವುದಿಲ್ಲ. ಹುಡುಕುಯಂತ್ರಗಳ ಬಾಟ್‌ಗಳ ಕೋರಿಕೆಗಳೂ ಅವುಗಳಲ್ಲಿ ಬೆರೆತಿದ್ದುವು. ಲಾಗಿಗೂ ತನ್ನ ದೋಷಗಳುಂಟು. ಆದರೆ ಎರಡು ಆಕರಗಳು ಒಂದನ್ನೊಂದು ಒಪ್ಪದಿರುವಾಗ ಅವುಗಳಲ್ಲಿ ಒಂದನ್ನೇ ನಂಬಿ ಗ್ರಂಥಸಂಗ್ರಹದ ಹಣೆಬರಹವನ್ನು ನಿರ್ಣಯಿಸುವುದು ನ್ಯಾಯವಲ್ಲ.

ಸ್ಥೂಲವಾದ ಅಂದಾಜಿಗೆ ಇಷ್ಟು ಸೂಕ್ಷ್ಮ ಬೇಕೆ ಎಂದು ಕೆಲವರು ಕೇಳಬಹುದು. ಈ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಒಂದೇ ಲಕ್ಷಣ, ಒಂದೇ ಸಾಧನ ಇರುವವರೆಗೆ, ಈ ತಿಂಗಳನ್ನು ಹಿಂದಿನ ತಿಂಗಳೊಡನೆ ಹೋಲಿಸಿ ನೋಡಬಹುದು. ಯಾವ ಕೊಂಡಿ ಮುರಿದಿದೆ, ಓದುಗರು ಹೆಚ್ಚಾಗಿ ಫೋನಿನಿಂದ ಬರುತ್ತಾರೆಯೇ ಎಂಬುದನ್ನು ತಿಳಿಯಬಹುದು. ಇಷ್ಟರಮಟ್ಟಿಗೆ ಈ ಸಾಧನ ಉಪಯುಕ್ತವೇ. ಆದರೆ ಓದಿನ ಆಳವನ್ನು, ಗ್ರಂಥದ ಬೆಲೆಯನ್ನು ಹೇಳುವ ಶಕ್ತಿ ಅದಕ್ಕಿಲ್ಲ. ವರ್ಷದಲ್ಲಿ ಒಬ್ಬನೇ ಸಂಶೋಧಕನು ಒಂದು ಸಂಪುಟವನ್ನು ಬಳಸಿ ಒಂದು ಗ್ರಾಮದ ಚರಿತ್ರೆಯನ್ನು ತಿದ್ದಬಹುದು; ವರದಿಯಲ್ಲಿ ಅದು ಒಂದು ಭೇಟಿ, ಅಥವಾ ಅದೂ ಇಲ್ಲ.

ಕೊನೆಯದಾಗಿ ಈ ದಾಖಲೆಯ ಬಾಳಿಕೆಯ ಪ್ರಶ್ನೆ. ಯೂನಿವರ್ಸಲ್ ಅನಲಿಟಿಕ್ಸ್ ಎಂಬ ಹಳೆಯ ಆವೃತ್ತಿಯ ಸಾಮಾನ್ಯ ತಾಣಗಳ ಎಣಿಕೆ ೨೦೨೩ನೆಯ ಜುಲೈ ೧ರಂದು ನಿಂತಿತು. ೨೦೨೪ನೆಯ ಜುಲೈ ೧ರ ಅನಂತರ ಹಳೆಯ ವರದಿಗಳನ್ನು ತೆರೆಯುವುದೂ ಅಸಾಧ್ಯವಾಯಿತು. ಮುನ್ಸೂಚನೆಯನ್ನು ಓದಿ ಪ್ರತಿ ತೆಗೆದಿಟ್ಟುಕೊಳ್ಳದ ಸಂಸ್ಥೆಗಳಿಗೆ ತಮ್ಮ ಓದುಗರ ಎಷ್ಟೋ ವರ್ಷಗಳ ಲೆಕ್ಕವು ಇಲ್ಲವಾಯಿತು. ಇದಕ್ಕೆ ಪ್ರತಿಯಾಗಿ ವಿಕಿಮೀಡಿಯ ಪ್ರತಿಷ್ಠಾನದ ಪದ್ಧತಿಯನ್ನು ನೋಡಬಹುದು. ಕನ್ನಡ ವಿಕಿಪೀಡಿಯದ ಪ್ರತಿಯೊಂದು ಲೇಖನವನ್ನೂ ಎಷ್ಟು ಸಲ ತೆರೆಯಲಾಯಿತೆಂಬ ದಿನದಿನದ ಲೆಕ್ಕವು ೨೦೧೫ನೆಯ ಜುಲೈಯಿಂದ ಎಲ್ಲರಿಗೂ ತೆರೆದಿದೆ. ಯಾವುದನ್ನು ಒಂದು ವೀಕ್ಷಣೆಯೆಂದು ಎಣಿಸುತ್ತಾರೆಂಬ ಲಕ್ಷಣವೂ ಪ್ರಕಟವಾಗಿದೆ. ಓದುಗನು ಯಾರೆಂದು ಅದು ಹೇಳುವುದಿಲ್ಲ, ಹೇಳದಿರುವುದೇ ಲೇಸು.

ಆದುದರಿಂದ ಕಾಲೇಜುಗಳಲ್ಲಿ ಈ ವರದಿಗಳನ್ನು ಬಳಸುವವರು ಮೂರು ಕೆಲಸಗಳನ್ನು ಮಾಡತಕ್ಕದ್ದು. ಪ್ರತಿಯೊಂದು ಅಂಕಿಯ ಜೊತೆಗೆ ಸಾಧನದ ಹೆಸರನ್ನೂ ಆವೃತ್ತಿಯನ್ನೂ ಲಕ್ಷಣವನ್ನೂ ಬರೆದಿಡಬೇಕು. ತಿಂಗಳ ಲೆಕ್ಕವನ್ನೂ ಲಾಗಿನ ಸಾರಾಂಶವನ್ನೂ ಸಂಸ್ಥೆಯ ಕಡತದಲ್ಲಿಯೇ ಕಾಪಾಡಬೇಕು. ಗ್ರಂಥವನ್ನು ಉಳಿಸುವ ಅಥವಾ ಕೈಬಿಡುವ ನಿರ್ಣಯವನ್ನು ವರದಿಯೊಂದರ ಮೇಲೆಯೇ ನಿಲ್ಲಿಸಬಾರದು. ಮೇಲೆ ಹೇಳಿದ ಸಮಿತಿಯು ಮುಂದಿನ ಸಭೆಯಲ್ಲಿ ತನ್ನ ಸೂಚನೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಉಳಿದ ಸಂಪುಟಗಳ ಸ್ಕ್ಯಾನಿಂಗ್ ಕೆಲಸವು ಮತ್ತೆ ನಡೆಯಿತು.