ಕಾಕನಕೋಟೆಯ ಕಾಡು, ಕೋರ್ಡಾನ ಕತ್ತರಿ

ಎಚ್.ಡಿ. ಕೋಟೆ ಕಡೆಯವರ ಮುಂದೆ ಸಾಬು ದಸ್ತಗೀರ್ ಹೆಸರು ತೆಗೆದರೆ ಮುಖ ಅರಳುತ್ತೆ. ಕಾರಾಪುರದ ಮಾವುತನ ಮಗ ಹಾಲಿವುಡ್‌ಗೆ ಹೋದವನು, ಹೆಮ್ಮೆ ಇರಬೇಕಾದ್ದೇ. ಆದರೆ ಅವನನ್ನು ಇಲ್ಲಿಂದ ಕರೆಸಿಕೊಂಡ ಅಲೆಕ್ಸಾಂಡರ್ ಕೋರ್ಡಾ ಬಗ್ಗೆ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಂಡಿಲ್ಲ. ಆಗಾಗ ಬರುವ ಸಾಬು ಲೇಖನಗಳಲ್ಲಿ ಅವನಿಗೆ ಸಿಗೋದು ಅರ್ಧ ಸಾಲು: 'ಬ್ರಿಟಿಷ್ ನಿರ್ಮಾಪಕ'. ಅವನು ಹುಟ್ಟಿನಿಂದ ಬ್ರಿಟಿಷನೂ ಅಲ್ಲ. ಸ್ಟುಡಿಯೋ ಅಂದರೆ ಹುಣಸೂರು ಬಸ್ಸು ಮೈಸೂರಿಗೆ ಬರುವಾಗ ಕಾಣುತ್ತಿದ್ದ ಪ್ರೀಮಿಯರ್ ಸ್ಟುಡಿಯೋ ಅಂತಷ್ಟೇ ತಿಳಿದಿದ್ದ ನಮ್ಮ ಸೀಮೆಗೆ, ಸ್ಟುಡಿಯೋ ದೊರೆಯೊಬ್ಬ ಕೂತಲ್ಲಿಂದಲೇ ಒಂದು ಕಾಡನ್ನು ಹೇಗೆ ಕತ್ತರಿಸಿ ಜೋಡಿಸಬಲ್ಲ ಅನ್ನೋದು ಗೊತ್ತಾಗಬೇಕಾದರೆ 'ಎಲಿಫೆಂಟ್ ಬಾಯ್' ನೋಡಬೇಕು. 1937ರ ಸಿನಿಮಾ, ಸುಮಾರು 80 ನಿಮಿಷ.

ಕೋರ್ಡಾನ ಮೊದಲ ಹೆಸರು ಶಾಂಡೋರ್ ಕೆಲ್ನರ್. 1893ರಲ್ಲಿ ಹಂಗೇರಿಯ ತುರ್ಕೆವೆ ಪಕ್ಕದ ಒಂದು ಹಳ್ಳಿಯಲ್ಲಿ ಯಹೂದಿ ಮನೆಯಲ್ಲಿ ಹುಟ್ಟಿದ. ಅಪ್ಪ ಯಾರದೋ ಜಮೀನಿನ ಮೇಲ್ವಿಚಾರಕ, ಹುಡುಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ಬುಡಾಪೆಸ್ಟ್ ಸೇರಿ ಪತ್ರಿಕೆಗೆ ಬರೆಯತೊಡಗಿದವನು ಕ್ರೈಸ್ತರ ಲ್ಯಾಟಿನ್ ಪ್ರಾರ್ಥನೆಯ 'ಸುರ್ಸುಮ್ ಕೋರ್ಡಾ'ದಿಂದ ಒಂದು ಪದ ಎತ್ತಿ ಹೆಸರು ಮಾಡಿಕೊಂಡ. ಇಪ್ಪತ್ತೈದು ದಾಟುವ ಮೊದಲೇ ಕೊರ್ವಿನ್ ಅನ್ನುವ ಸ್ಟುಡಿಯೋ ನಡೆಸುತ್ತಿದ್ದ. 1919ರಲ್ಲಿ ಬೇಲಾ ಕುನ್‌ನ ಕಮ್ಯುನಿಸ್ಟ್ ಸರ್ಕಾರ ಬಂತು, ಅದರ ಕೆಳಗೂ ಸಿನಿಮಾ ಮಾಡಿದ. ಆ ಸರ್ಕಾರ ಬಿದ್ದು ಹಾರ್ತಿಯ ಪಡೆಗಳು ಬಂದಾಗ ಬಂಧನವಾಯಿತು. ಬಿಡಿಸಿಕೊಂಡು ದೇಶ ಬಿಟ್ಟವನು ವಿಯೆನ್ನಾ, ಬರ್ಲಿನ್, ಹಾಲಿವುಡ್, ಪ್ಯಾರಿಸ್ ಸುತ್ತಿ ಲಂಡನ್ ತಲುಪಿದ. ಎಲ್ಲೂ ಪೂರ್ತಿ ನೆಲೆ ನಿಲ್ಲದವನು, ಎಲ್ಲಿ ಹೋದರೂ ದೊಡ್ಡ ಹೋಟೆಲ್ಲಿನಲ್ಲೇ ಇಳಿಯುತ್ತಿದ್ದವನು.

1932ರಲ್ಲಿ ಲಂಡನ್ ಫಿಲ್ಮ್ಸ್ ಕಟ್ಟಿದ. ಮರುವರ್ಷ ಬಂದ 'ದಿ ಪ್ರೈವೇಟ್ ಲೈಫ್ ಆಫ್ ಹೆನ್ರಿ ದಿ ಏಯ್ತ್' ಅಮೆರಿಕದಲ್ಲೂ ಓಡಿತು, ಚಾರ್ಲ್ಸ್ ಲಾಟನ್‌ಗೆ ಆಸ್ಕರ್ ತಂದಿತು. ಪ್ರುಡೆನ್ಷಿಯಲ್ ಅನ್ನುವ ವಿಮಾ ಕಂಪನಿ ಇವನ ಮೇಲೆ ದುಡ್ಡು ಸುರಿಯಿತು. ಆ ದುಡ್ಡಲ್ಲಿ ಡೆನ್‌ಹ್ಯಾಮ್‌ನಲ್ಲಿ ಬ್ರಿಟನ್ನಿನ ಅತಿ ದೊಡ್ಡ ಸ್ಟುಡಿಯೋ ಎದ್ದಿತು, 1936ರಲ್ಲಿ ಶುರುವಾಯಿತು. ಒಂದು ಹಿಟ್ ತೋರಿಸಿ ಹತ್ತು ಸಿನಿಮಾಕ್ಕೆ ಫಂಡಿಂಗ್ ಎತ್ತುವ ಕಲೆ ಇವತ್ತಿನ ಸ್ಟಾರ್ಟಪ್‌ನವರದ್ದು ಅಂದುಕೊಂಡಿದ್ದೀವಲ್ಲ, ಅದರ ಗುರು ಇಲ್ಲಿದ್ದಾನೆ. ಅಂಥ ದೊಡ್ಡ ಕಟ್ಟಡ ಖಾಲಿ ಬಿಡೋ ಹಾಗಿಲ್ಲ. ಈ ಮಾತು ನೆನಪಲ್ಲಿರಲಿ, ಮುಂದೆ ಬೇಕಾಗುತ್ತೆ.

ರಾಬರ್ಟ್ ಫ್ಲಹರ್ಟಿ, 'ನಾನೂಕ್ ಆಫ್ ದಿ ನಾರ್ತ್' ಮಾಡಿದವನು, 1935ರಲ್ಲಿ ಕೋರ್ಡಾನ ದುಡ್ಡಿನ ಮೇಲೆ ಮೈಸೂರಿಗೆ ಬಂದ. ಕತೆ ಕಿಪ್ಲಿಂಗ್‌ನ 'ತೂಮಾಯ್ ಆಫ್ ದಿ ಎಲಿಫೆಂಟ್ಸ್'. ಅದು ನಡೆಯೋದು ಗಾರೋ ಬೆಟ್ಟಗಳಲ್ಲಿ, ಆದರೆ ಆನೆ ಮತ್ತು ಖೆಡ್ಡಾ ಎರಡನ್ನೂ ಒಟ್ಟಿಗೆ ಒದಗಿಸಬಲ್ಲ ಸಂಸ್ಥಾನ ಮೈಸೂರು. ನಾಲ್ವಡಿಯವರ ಕಾಲ, ಮಿರ್ಜಾ ಇಸ್ಮಾಯಿಲ್ ದಿವಾನರು. ಮೈಸೂರಿನ ಚಿತ್ತರಂಜನ್ ಮಹಲ್‌ನಲ್ಲಿ ತಂಡ ಬೀಡುಬಿಟ್ಟಿತು. ಹುಡುಗನನ್ನು ಹುಡುಕಿದ್ದು ಛಾಯಾಗ್ರಾಹಕ ಆಸ್ಮಂಡ್ ಬಾರಡೇಲ್, ಅರಮನೆಯ ಆನೆ ಲಾಯದಲ್ಲಿ. ಅಪ್ಪ ಸತ್ತ ಮೇಲೆ ಸಾಬು ಅಲ್ಲೇ ಬೆಳೆಯುತ್ತಿದ್ದ. 'ಸಾಬುವನ್ನು ಕೋರ್ಡಾ ಕಂಡುಹಿಡಿದ' ಅಂತ ಬರೆಯುತ್ತಾರಲ್ಲ, ತಪ್ಪು. ಕೋರ್ಡಾ ಕಂಡುಹಿಡಿದಿದ್ದು ಬೇರೆಯದನ್ನು.

ಫ್ಲಹರ್ಟಿ ಶೂಟ್ ಮಾಡುತ್ತಲೇ ಹೋದ. ಮಳೆ, ನದಿ, ಆನೆ, ಮತ್ತೆ ಆನೆ. ಸುಮಾರು 55 ಗಂಟೆಯಷ್ಟು ಫಿಲ್ಮ್! ಕತೆ ಎಲ್ಲಿ ಅಂದರೆ ಬರುತ್ತೆ ಇರಿ ಅನ್ನುವ ಗಿರಾಕಿ. ಲಂಡನ್ನಿನಲ್ಲಿ ರೀಲು ನೋಡಿದ ಕೋರ್ಡಾ ಮೊದಲು ಮಾಂಟಾ ಬೆಲ್‌ನನ್ನು, ಆಮೇಲೆ ತನ್ನ ತಮ್ಮ ಝೋಲ್ಟನ್‌ನನ್ನೇ ಮೈಸೂರಿಗೆ ಅಟ್ಟಿದ. ಕೊನೆಗೆ ಎಲ್ಲರನ್ನೂ ವಾಪಸ್ ಕರೆಸಿದ, ಸಾಬು ಮತ್ತವನ ಅಣ್ಣನ ಸಮೇತ. ಜಾನ್ ಕೊಲಿಯರ್ ಕೈಲಿ ಮಾತು ಬರೆಸಿ ಡೆನ್‌ಹ್ಯಾಮ್‌ನಲ್ಲಿ ಕಾಡಿನ ಸೆಟ್ ಹಾಕಿ ಝೋಲ್ಟನ್ ಉಳಿದದ್ದನ್ನು ತೆಗೆದ. ಹೊಸ ಸ್ಟುಡಿಯೋ ಇತ್ತಲ್ಲ.

ಕೋರ್ಡಾ ಇಲ್ಲದಿದ್ದರೆ ಆ 55 ಗಂಟೆ ಸಿನಿಮಾ ಆಗುತ್ತಿತ್ತಾ ಅನ್ನೋದು ನನಗೆ ಅನುಮಾನ. ರಿಲೀಸ್ ಡೇಟೇ ಇಲ್ಲದ ಪ್ರಾಜೆಕ್ಟುಗಳಲ್ಲಿ ಕೂತವರಿಗೆ ಇದು ಅರ್ಥವಾಗುತ್ತೆ. ಆ ರಾಶಿಯಲ್ಲಿ ಅವನು ಕಂಡುಹಿಡಿದಿದ್ದು ಇಷ್ಟೇ: ಕಾಡಲ್ಲ, ಖೆಡ್ಡಾ ಅಲ್ಲ, ಈ ಹುಡುಗನೇ ಸಿನಿಮಾ. ಅದು ಸರಿಯಾದ ನೋಟ. ಶುರುವಿನಲ್ಲೇ ಸಾಬು ಕ್ಯಾಮೆರಾ ನೋಡಿ ಮಾತಾಡುತ್ತಾನೆ. ಆಗಷ್ಟೇ ಕಲಿತ ಇಂಗ್ಲಿಷು, ಆದರೆ ಮುಖದಲ್ಲಿ ಅಳುಕಿಲ್ಲ. ಪರದೆ ಅವನದಾಗಿಬಿಡುತ್ತೆ.

ತೊಂದರೆ ಶುರುವಾಗೋದು ಅವನ ಸುತ್ತ. ಈ ಸಿನಿಮಾದ ಹೊಲಿಗೆ ಬರಿಗಣ್ಣಿಗೆ ಕಾಣುತ್ತೆ. ಒಂದು ಶಾಟ್‌ನಲ್ಲಿ ಸಾಬು ಇರಾವತ ಅನ್ನುವ ಆನೆಯ ಮೇಲೆ ಬರುತ್ತಾನೆ, ಬೆಳಕು ನಮ್ಮದು, ಬಿದಿರು ನಮ್ಮದು. ಮುಂದಿನ ಶಾಟ್‌ಗೆ ಅವನ ಎದುರು ಮಾಚುವಾ ಅಪ್ಪ. ಆ ಪಾತ್ರದಲ್ಲಿರೋದು ಮುಖಕ್ಕೆ ಬಣ್ಣ ಬಳಿದುಕೊಂಡ ಅಲನ್ ಜೇಯ್ಸ್ ಅನ್ನುವ ಇಂಗ್ಲಿಷ್ ನಟ. ಮಾತು ಲಂಡನ್ ರಂಗಭೂಮಿಯದು, ಬೆಳಕು ಸ್ಟುಡಿಯೋ ದೀಪದ್ದು. ಮಾತಿರುವ ಭಾರತೀಯ ಪಾತ್ರಗಳಲ್ಲಿ ಸಾಬು ಬಿಟ್ಟರೆ ಮುಖ್ಯವಾದವರೆಲ್ಲ ಇಂಥವರೇ. ಪೀಳಿಗೆಗಳಿಂದ ಆನೆ ಪಳಗಿಸಿದ ಮಾವುತರು, ಕಾವಾಡಿಗಳು, ಜೇನುಕುರುಬರು ಇದ್ದ ನೆಲದ ಕತೆ ಇದು. ಅವರಿಗೆ ಸಿಕ್ಕಿದ್ದು ದೂರದಲ್ಲಿ ಓಡುವ ಕೆಲಸ. ದಸರೆಗೆ ಮೊದಲು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣ ನೋಡಿದವರಿಗೆ ಗೊತ್ತು, ಒಬ್ಬ ಮಾವುತ ಆನೆಗೆ ಏನಾದರೂ ಹೇಳುವಾಗ ಅವನ ದನಿ ಹೇಗಿರುತ್ತೆ ಅಂತ. ಆ ದನಿ ಈ ಸಿನಿಮಾದಲ್ಲಿ ಎಲ್ಲೂ ಇಲ್ಲ. ಬದಲಿಗೆ ಎಲ್ಲವನ್ನೂ ತೀರ್ಮಾನಿಸಲು ಪೀಟರ್ಸನ್ ಸಾಹೇಬ ಇದ್ದಾನೆ. ಆನೆ ರೊಚ್ಚಿಗೆದ್ದರೂ, ಹುಡುಗ ಅನಾಥನಾದರೂ ನ್ಯಾಯ ಅವನ ಡೇರೆಯಲ್ಲೇ.

ಆಗಿನ ಕಾಲವೇ ಹಾಗಿತ್ತು ಬಿಡಿ ಅನ್ನಬಹುದು. ಆದರೆ ಕೋರ್ಡಾ ಇದನ್ನು ಎರಡು ವರ್ಷ ಮೊದಲೇ ಮಾಡಿದ್ದ. 1935ರ 'ಸ್ಯಾಂಡರ್ಸ್ ಆಫ್ ದಿ ರಿವರ್'ಗೆ ಝೋಲ್ಟನ್ ಆಫ್ರಿಕಾದಲ್ಲಿ ತಿಂಗಳುಗಟ್ಟಲೆ ಚಿತ್ರೀಕರಿಸಿದ. ಆಫ್ರಿಕನ್ ಸಂಸ್ಕೃತಿಯ ಗೌರವದ ಚಿತ್ರ ಅಂತ ನಂಬಿ ಪಾಲ್ ರೋಬ್ಸನ್ ನಟಿಸಿದ. ತೆರೆಗೆ ಬಂದದ್ದು ಬ್ರಿಟಿಷ್ ಆಡಳಿತದ ಹೊಗಳಿಕೆ, ರೋಬ್ಸನ್ ಆ ಸಿನಿಮಾ ತನ್ನದಲ್ಲ ಅಂದ. ಅದೇ ಮಾದರಿ ಕಾರಾಪುರಕ್ಕೆ ಬಂತು: ನೆಲ ಅವರದು, ತೀರ್ಮಾನ ಸಾಹೇಬನದು. ಮುಂದೆ 1938ರ 'ದಿ ಡ್ರಮ್'ನಲ್ಲಿ ಸಾಬುವಿಗೆ ಬ್ರಿಟಿಷರ ಸ್ನೇಹಿತನಾದ ರಾಜಕುಮಾರನ ಪಾತ್ರ ಕೊಟ್ಟ. ಬೊಂಬಾಯಿಯಲ್ಲಿ ಪ್ರತಿಭಟನೆ ಎದ್ದಿತು. ನಮ್ಮ ಹೆಮ್ಮೆಯ ಸಾಬು ಲೇಖನಗಳಲ್ಲಿ ಇದು ಸಾಮಾನ್ಯವಾಗಿ ಇರಲ್ಲ.

ನನ್ನನ್ನು ಕಾಡೋದು ಕೋರ್ಡಾನ ಸ್ವಂತ ಚರಿತ್ರೆ. ಹಳ್ಳಿಯಿಂದ ಬಂದವನು, ತಂದೆ ಇಲ್ಲದವನು, ಜನಾಂಗದ ಕಾರಣಕ್ಕೂ ರಾಜಕೀಯದ ಕಾರಣಕ್ಕೂ ದೇಶ ಬಿಟ್ಟವನು. ಆಳುವವರ ಕಣ್ಣಲ್ಲಿ ಹೊರಗಿನವನಾಗಿರೋದು ಅಂದರೇನು ಅಂತ ಅವನಿಗೆ ಗೊತ್ತಿತ್ತು. ಆದರೂ ಇಂಗ್ಲೆಂಡಿನವರಿಗೆ ಅವರ ಸಾಮ್ರಾಜ್ಯವನ್ನೇ ಚಂದ ಮಾಡಿ ಮಾರಿದ, ಇಂಗ್ಲಿಷರಿಗಿಂತ ಹೆಚ್ಚು ಇಂಗ್ಲಿಷನಾದ. 1942ರಲ್ಲಿ ಸರ್ ಪದವಿ ಬಂತು, ಸಿನಿಮಾದವರಲ್ಲಿ ಅಂಥ ಗೌರವ ಪಡೆದ ಮೊದಲಿಗರಲ್ಲಿ ಅವನೊಬ್ಬ. ಬೆಂಗಳೂರಿಗೆ ಬಂದು ಊರಿನ ಹೆಸರು ಹೇಳುವಾಗ ದನಿ ತಗ್ಗಿಸುವ ನಮ್ಮಂಥವರು ಅವನನ್ನು ಸುಲಭವಾಗಿ ಬೈಯಲಾರೆವು. ಬೈಯಲಾರೆವು ಅಂದ ಮಾತ್ರಕ್ಕೆ ಸಿನಿಮಾ ಒಳ್ಳೆಯದಾಗಲ್ಲ.

ದುಡ್ಡಿನ ಕತೆಯನ್ನು ಬೇಗ ಮುಗಿಸುತ್ತೇನೆ. ಡೆನ್‌ಹ್ಯಾಮ್ ಕೋರ್ಡಾನ ಕೈ ಬಿಟ್ಟಿತು, ಯುದ್ಧ ಬಂತು. 'ದಿ ಥೀಫ್ ಆಫ್ ಬಾಗ್ದಾದ್' ಇಂಗ್ಲೆಂಡಿನಲ್ಲಿ ಶುರುವಾಗಿ ಅಮೆರಿಕದಲ್ಲಿ ಮುಗಿಯಿತು. ಸಾಬು ಅತ್ಯಂತ ಸ್ವತಂತ್ರನಾಗಿ ಕಾಣೋದು ಅದರಲ್ಲೇ, ಯಾಕೆಂದರೆ ಅಲ್ಲಿ ಸಾಹೇಬರಿಲ್ಲ. 1942ರ 'ಜಂಗಲ್ ಬುಕ್' ಆದ ಮೇಲೆ ಅವನು ಯೂನಿವರ್ಸಲ್ ಕಂಪನಿಗೆ ಹೋದ. ಕೋರ್ಡಾ ಇಂಗ್ಲೆಂಡಿಗೆ ಮರಳಿ 'ದಿ ಥರ್ಡ್ ಮ್ಯಾನ್'ನಂಥದ್ದಕ್ಕೆ ಕೈ ಹಾಕಿ 1956ರಲ್ಲಿ ತೀರಿಕೊಂಡ. ಸಾಬುವಿಗೆ ಮಾತ್ರ ಕೋರ್ಡಾ ಹೊಲಿಸಿದ ಅಂಗಿ ಕೊನೆವರೆಗೂ ಬಿಡಲಿಲ್ಲ. ಅಮೆರಿಕದ ಪ್ರಜೆಯಾದ, ಯುದ್ಧವಿಮಾನದಲ್ಲಿ ಗನ್ನರ್ ಆಗಿ ಪದಕ ಪಡೆದ, ವಾಪಸ್ ಬಂದಾಗ ಮತ್ತೆ ಕಾಡು, ಮತ್ತೆ ಪೇಟ. 'ಬ್ಲ್ಯಾಕ್ ನಾರ್ಸಿಸಸ್' ಒಂದು ಅಪವಾದ ಅನ್ನಿ, ಅಲ್ಲೂ ರಾಜಕುಮಾರನೇ. 1963ರಲ್ಲಿ 39ನೇ ವಯಸ್ಸಿಗೆ ಹೃದಯಾಘಾತ.

ಹಾಗಾದರೆ 'ಎಲಿಫೆಂಟ್ ಬಾಯ್' ಯಾಕೆ ನೋಡಬೇಕು? ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟು ಬಂತು, ಕಾಡೂ ಊರುಗಳೂ ನೀರಿನಡಿ ಹೋದವು. ವೀಕೆಂಡ್‌ಗೆ ಕಾರಾಪುರಕ್ಕೆ ಹೋಗಿ, ದಮ್ಮನಕಟ್ಟೆಯಲ್ಲಿ ಸಫಾರಿ ಜೀಪು ಹತ್ತಿ, ಹಿನ್ನೀರಿನ ಫೋಟೋ ಹಾಕುವವರು ನಾವು. ಆ ನೀರು ಬರುವ ಮುಂಚಿನ ಸೀಮೆ ಈ ಸಿನಿಮಾದಲ್ಲಿದೆ. ಕಾಡಾನೆ ಹಿಂಡು ಹೊಳೆಗೆ ಇಳಿಯುವ ಶಾಟ್‌ಗಳನ್ನು ಡೆನ್‌ಹ್ಯಾಮ್‌ನಲ್ಲಿ ಕಟ್ಟೋಕೆ ಯಾವ ವಿಮಾ ಕಂಪನಿಯ ದುಡ್ಡೂ ಸಾಲುತ್ತಿರಲಿಲ್ಲ, ಅದಕ್ಕೇ ಅವು ಉಳಿದವು. ನೋಡುವವರು ಆ ಭಾಗಗಳನ್ನು ಎರಡು ಸಲ ನೋಡಿ. ಪೀಟರ್ಸನ್ ಸಾಹೇಬ ಬಾಯಿ ತೆರೆದಾಗ ವಾಲ್ಯೂಮ್ ಇಳಿಸಿದರೆ ನಷ್ಟವೇನಿಲ್ಲ.