ಮೌಲಾನಾ ಆಝಾದರ ಚಹಾ, ಗುಬ್ಬಚ್ಚಿ ಮತ್ತು ಸಿತಾರ್

ರಾಜಕೀಯ ಬರಹಗಾರನ ಇಷ್ಟಾನಿಷ್ಟಗಳಿಗೆ ನಾವು ಹೆಚ್ಚು ಬೆಲೆ ಕೊಡುವುದಿಲ್ಲ. ಅವನು ಯಾರ ಪರ, ಯಾರ ವಿರುದ್ಧ ಎಂದು ತಿಳಿದರೆ ಸಾಕೆನ್ನುವ ಅವಸರ ನಮ್ಮದು. ಆತ ಮುಸ್ಲಿಮನಾಗಿದ್ದರೆ ಪ್ರಶ್ನೆ ಇನ್ನಷ್ಟು ಕಿರಿದಾಗುತ್ತದೆ: ದೇಶದ ಪರವೋ, ಕೌಮಿನ ಪರವೋ? ಮೌಲಾನಾ ಅಬುಲ್ ಕಲಾಂ ಆಝಾದರನ್ನು ಜೀವಮಾನವಿಡೀ ಅಳೆದದ್ದು ಈ ಒಂದೇ ಗಜಕಡ್ಡಿಯಿಂದ. ಜಿನ್ನಾ ಅವರನ್ನು ಕಾಂಗ್ರೆಸ್ಸಿನ ‘ಷೋ ಬಾಯ್’ ಎಂದು ಹಂಗಿಸಿದರು. ಸ್ವತಂತ್ರ ಭಾರತ ಮೊದಲ ಶಿಕ್ಷಣ ಸಚಿವರೆಂದು ಗೌರವಿಸಿ ಭಾವಚಿತ್ರವಾಗಿ ಗೋಡೆಗೆ ತೂಗುಹಾಕಿತು. ಸಂವಿಧಾನ ಸಭೆಯ ಸಮಿತಿಗಳ ಅಧ್ಯಕ್ಷತೆ ವಹಿಸಿದವರನ್ನು ಹೆಸರಿಸುವ ಸಾಲಿನಿಂದ ಅವರ ಹೆಸರನ್ನು ಕೈಬಿಟ್ಟ 11ನೇ ತರಗತಿಯ ಪಠ್ಯಪುಸ್ತಕ 2023ರಲ್ಲಿ ಸುದ್ದಿಯಾಯಿತು. ಹೊಗಳಿದವರಾಗಲಿ ಅಳಿಸಿದವರಾಗಲಿ ಈ ಮನುಷ್ಯನಿಗೆ ಏನು ಇಷ್ಟವಾಗಿತ್ತು ಎಂದು ಕೇಳಿದಂತೆ ಕಾಣುವುದಿಲ್ಲ.

ಅದಕ್ಕೆ ಉತ್ತರ ಅವರ ‘ಗುಬಾರೆ ಖಾತಿರ್’ ಎಂಬ ಉರ್ದು ಪತ್ರಸಂಗ್ರಹದಲ್ಲಿದೆ. 1942ರ ಆಗಸ್ಟ್ 9ರಂದು ಮುಂಬಯಿಯಲ್ಲಿ ಬಂಧನಕ್ಕೊಳಗಾದ ಕಾಂಗ್ರೆಸ್ ಅಧ್ಯಕ್ಷ ಆಝಾದರನ್ನು ನೆಹರೂ, ಪಟೇಲ್ ಮುಂತಾದವರೊಂದಿಗೆ ಅಹ್ಮದ್‌ನಗರದ ಕೋಟೆಯಲ್ಲಿ ಇರಿಸಲಾಯಿತು. ಅಲ್ಲಿ ಕುಳಿತು ಅವರು ಗೆಳೆಯ ನವಾಬ್ ಹಬೀಬುರ್ರಹಮಾನ್ ಖಾನ್ ಶೇರ್ವಾನಿಯವರಿಗೆ ಪತ್ರ ಬರೆಯತೊಡಗಿದರು. ಬರೆದದ್ದು ತಲುಪುವುದಿಲ್ಲವೆಂದು ಗೊತ್ತಿತ್ತು, ಆದರೂ ಬರೆದರು. 1946ರಲ್ಲಿ ಪುಸ್ತಕವಾಗಿ ಬಂದ ಈ ಪತ್ರಗಳಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ಚರ್ಚೆಯನ್ನು ಹುಡುಕುವವರಿಗೆ ನಿರಾಸೆಯಾದೀತು.

ಅಲ್ಲಿರುವುದು ಚಹಾ. ಬೆಳಗಿನ ಜಾವ ಎಲ್ಲರೂ ನಿದ್ದೆಯಲ್ಲಿರುವಾಗ ಮೌಲಾನಾ ಎದ್ದು ತಮ್ಮ ಕೈಯಾರೆ ಚೀನಾದ ‘ವೈಟ್ ಜಾಸ್ಮಿನ್’ ಚಹಾ ಮಾಡಿಕೊಳ್ಳುತ್ತಾರೆ. ಹಾಲು ಬೆರೆಸಿದ್ದನ್ನು ಚಹಾ ಎನ್ನಲು ಅವರು ಸಿದ್ಧರಿಲ್ಲ. ಈ ಚಟವನ್ನು ಅಂಟಿಸಿದ ಇಂಗ್ಲಿಷರ ಮೇಲೆ ಅವರ ಕೋಪ ಸಾಮ್ರಾಜ್ಯದ ಮೇಲಿನ ಕೋಪಕ್ಕಿಂತ ಕಡಿಮೆಯದೇನಲ್ಲ ಎನಿಸುತ್ತದೆ. ಗಟ್ಟಿ ಹಾಲಿನ ಚಹಾ ಕುಡಿದು ಬೆಳೆದ ನಮಗೆ ಇದು ನವಾಬಿ ಶೋಕಿಯಂತೆ ಕಂಡರೆ ಆಶ್ಚರ್ಯವಿಲ್ಲ. ಆದರೆ ಸೆರೆಮನೆಯಲ್ಲಿ ಊಟ, ದೀಪ, ಬಾಗಿಲು ಎಲ್ಲವೂ ಸರಕಾರದ ಕೈಯಲ್ಲಿರುವಾಗ ಸೂರ್ಯೋದಯಕ್ಕೆ ಮುಂಚಿನ ಆ ಒಂದು ಗಂಟೆ ಮಾತ್ರ ಅವರದಾಗಿತ್ತು.

ನಾನು ಕಥೆ ಬರೆಯುವವನು. ಆದ್ದರಿಂದ ನನಗೆ ಹೆಚ್ಚು ಹಿಡಿಸಿದ್ದು 1943ರ ಮಾರ್ಚ್‌ನಲ್ಲಿ ಬರೆದ ಗುಬ್ಬಚ್ಚಿಗಳ ಪ್ರಸಂಗ. ಕೋಣೆಯ ಸೂರಿನಲ್ಲಿ ಗೂಡು ಕಟ್ಟುವ ಗುಬ್ಬಿಗಳು ಕಸಕಡ್ಡಿ ಉದುರಿಸಿ ಕಾಟ ಕೊಡುತ್ತವೆ. ಮೌಲಾನಾ ಕೊಡೆ ಹಿಡಿದು ಯುದ್ಧ ಸಾರುತ್ತಾರೆ, ಬಿದಿರುಗಳ ಹಿಡಿದು ದಂಡೆತ್ತುತ್ತಾರೆ, ಕಡೆಗೆ ಸೋಲುತ್ತಾರೆ. ಸೋತವರು ಅಕ್ಕಿಕಾಳು ಹರಡಿ ಕಾಯುತ್ತಾರೆ. ದಿನಗಳೆದಂತೆ ಹಕ್ಕಿಗಳು ಅವರ ಮೈಮೇಲೆಯೇ ಬಂದು ಕೂರುತ್ತವೆ. ಅವುಗಳಿಗೆ ಅವರಿಟ್ಟ ಹೆಸರುಗಳು ಮುಲ್ಲಾ, ಸೂಫಿ, ಕಲಂದರ್, ಮೋತಿ. 1912ರಲ್ಲಿ ಕಲಕತ್ತೆಯಿಂದ ‘ಅಲ್ ಹಿಲಾಲ್’ ಹೊರಡಿಸಿದ ಇಪ್ಪತ್ತಮೂರರ ಯುವಕ ಮಿಂಬರಿನ ಮೇಲೆ ನಿಂತು ಗುಡುಗುವ ದನಿಯಲ್ಲಿ ಬರೆಯುತ್ತಿದ್ದ. ಐವತ್ತು ದಾಟಿದ ಇದೇ ಲೇಖಕ ಗುಬ್ಬಚ್ಚಿಗೆ ಸೋತು, ತನ್ನನ್ನೇ ನೋಡಿ ನಗುತ್ತಾನೆ. ಬಲದಿಂದ ಆಗದ್ದು ತಾಳ್ಮೆಯಿಂದ ಆಯಿತು ಎನ್ನುವುದು ಅವರು ಬದುಕಿನುದ್ದಕ್ಕೂ ನಂಬಿದ ರಾಜಕೀಯವೂ ಹೌದು. ಅಲ್ಲಿ ಉಪದೇಶವಿಲ್ಲ, ಆದ್ದರಿಂದಲೇ ಅದು ನಂಬುವಂತಿದೆ.

ಇಷ್ಟು ಮೆಚ್ಚಿದ ಮೇಲೆ ಒಂದು ಕೊರತೆಯನ್ನು ಹೇಳಲೇಬೇಕು. ಗುಬ್ಬಚ್ಚಿ ಪ್ರಸಂಗದ ನಂತರ ಒಂದು ತಿಂಗಳು ತುಂಬುವ ಮೊದಲೇ, ಏಪ್ರಿಲ್ 9ರಂದು, ಅವರ ಹೆಂಡತಿ ಜುಲೇಖಾ ಬೇಗಂ ಕಲಕತ್ತೆಯಲ್ಲಿ ತೀರಿಕೊಂಡರು. ಕಾಯಿಲೆ ಉಲ್ಬಣಿಸಿದೆಯೆಂದು ತಿಳಿದಿದ್ದರೂ ತನ್ನನ್ನು ಬಿಡಿ ಎಂದು ಸರಕಾರವನ್ನು ಕೇಳಲು ಮೌಲಾನಾ ಒಪ್ಪಲಿಲ್ಲ. ಏಪ್ರಿಲ್ 11ರ ಪತ್ರ ಓದುವಾಗ ಎದೆ ಭಾರವಾಗುತ್ತದೆ. ಹೊರಗೆ ಕಲ್ಲಿನಂತೆ ಕಂಡವರು ಒಳಗೆ ಎಷ್ಟು ಕುಸಿದಿದ್ದರೆಂಬುದನ್ನು ಅವರೇ ಬಿಡಿಸಿಟ್ಟಿದ್ದಾರೆ. ಕೋಟೆಯ ಅಂಗಳದ ಯಾರದೋ ಹಳೆಯ ಗೋರಿ ಅಂದಿನಿಂದ ಅವರಿಗೆ ಬೇರೆಯಾಗಿ ಕಾಣತೊಡಗುತ್ತದೆ.

ಆದರೆ ಈ ಜುಲೇಖಾ ಯಾರು? 1922ರಲ್ಲಿ ಗಂಡನಿಗೆ ಒಂದು ವರ್ಷದ ಶಿಕ್ಷೆಯಾದಾಗ ಬಂಗಾಳದ ಖಿಲಾಫತ್ ಸಮಿತಿಯಲ್ಲಿ ಅವರ ಕೆಲಸವನ್ನು ತಾನು ನೋಡಿಕೊಳ್ಳುವುದಾಗಿ ಗಾಂಧೀಜಿಗೆ ತಿಳಿಸಿದ ಹೆಣ್ಣುಮಗಳು. ಅಂಥವಳಿಗೆ ಈ ಪುಸ್ತಕದಲ್ಲಿ ಚಹಾಕ್ಕೆ ಸಿಕ್ಕಷ್ಟು ಜಾಗ ಸಿಗುವುದಿಲ್ಲ. ಹಕ್ಕಿಗಳಿಗೆ ಒಂದೊಂದು ಸ್ವಭಾವ, ಒಂದೊಂದು ಹೆಸರು ಕೊಟ್ಟ ಲೇಖನಿ ಹೆಂಡತಿಯ ಸ್ವಭಾವವನ್ನು ಬರೆಯಲು ಅವಳ ಸಾವಿನವರೆಗೆ ಕಾದಂತಿದೆ. ಶರೀಫರು ಮನೆಯ ಹೆಂಗಸರ ಬಗ್ಗೆ ಗೆಳೆಯರ ಮುಂದೆ ಮಾತಾಡಬಾರದೆಂಬ ಆ ಕಾಲದ ತಹಜೀಬ್ ಇದಕ್ಕೆ ಕಾರಣವಿರಬಹುದು. ಕಾರಣ ತಿಳಿದ ಮಾತ್ರಕ್ಕೆ ನಷ್ಟ ತುಂಬಿಬರುವುದಿಲ್ಲ. ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಅವರನ್ನು ಓದಿದ ಕನ್ನಡ ಓದುಗರ ಕಣ್ಣಿಗೆ ಈ ಮೌನ ಬೀಳದೆ ಇರದು.

ಸಂಗೀತದ ವಿಷಯದಲ್ಲಿ ಅವರು ಇಂಥ ಸಂಕೋಚವನ್ನು ಮೀರಿದ್ದಾರೆ. ಅವರ ತಂದೆ ಮೌಲಾನಾ ಖೈರುದ್ದೀನ್ ಕಲಕತ್ತೆಯಲ್ಲಿ ದೊಡ್ಡ ಮುರೀದ್ ಬಳಗವಿದ್ದ ಪೀರ್. ಅಂಥ ಮನೆಯ ಹುಡುಗ ಮಸೀತಾ ಖಾನ್ ಎಂಬ ಉಸ್ತಾದರಿಂದ ಸಿತಾರ್ ಕಲಿತ. ಬೆಳದಿಂಗಳ ರಾತ್ರಿ ತಾಜ್‌ಮಹಲಿನ ಕಟ್ಟೆಯ ಮೇಲೆ ಯಮುನೆಗೆ ಮುಖ ಮಾಡಿ ನುಡಿಸಿದ. ‘ತರ್ಜುಮಾನುಲ್ ಕುರ್‌ಆನ್’ ಬರೆದ ಆಲಿಮ್ ಇದನ್ನು ಯೌವನದ ಚಪಲವೆಂದು ಮುಚ್ಚಿಡಲಿಲ್ಲ. ಸಂಗೀತವಿಲ್ಲದೆ ಬದುಕುವುದು ತನಗೆ ಕಷ್ಟವೆಂದು ಒಪ್ಪಿಕೊಂಡರು. ಸಂಗೀತ ಹಲಾಲೋ ಹರಾಮೋ ಎಂದು ನಮ್ಮ ಮೊಹಲ್ಲಾಗಳಲ್ಲಿ ಇಂದೂ ದನಿ ಎತ್ತರಿಸುವವರು ಆ ಪತ್ರವನ್ನೊಮ್ಮೆ ಓದಬೇಕು. ಒಪ್ಪಲೇಬೇಕೆಂದಿಲ್ಲ, ದೀನನ್ನು ಅಷ್ಟು ಆಳವಾಗಿ ಬಲ್ಲವರೊಬ್ಬರು ಹಾಗೆ ಬದುಕಿದ್ದರೆಂದು ತಿಳಿದರೂ ಸಾಕು.

ಪುಸ್ತಕದ ಭಾಷೆ ಸುಲಭದ್ದಲ್ಲ. ಹೆಜ್ಜೆಹೆಜ್ಜೆಗೂ ಫಾರಸಿ, ಅರಬಿ ಪದ್ಯಗಳು ಎದುರಾಗುತ್ತವೆ. ಮಾಲಿಕ್ ರಾಮ್ ಸಂಪಾದಿಸಿದ ಸಾಹಿತ್ಯ ಅಕಾಡೆಮಿಯ ಆವೃತ್ತಿಯ ಟಿಪ್ಪಣಿಗಳಿಲ್ಲದಿದ್ದರೆ ಉರ್ದು ಶಾಲೆಯಲ್ಲಿ ಕಲಿತ ನಮ್ಮಂಥವರೂ ಅಲ್ಲಲ್ಲಿ ಮುಗ್ಗರಿಸುತ್ತೇವೆ. ಜನಸಾಮಾನ್ಯರ ನಾಯಕ ಜನಸಾಮಾನ್ಯರಿಗೆ ನಿಲುಕದಂತೆ ಬರೆದರೆಂಬ ಆಕ್ಷೇಪದಲ್ಲಿ ನಿಜವಿದೆ. ಆದರೆ ಗುಬ್ಬಚ್ಚಿಗಳ ಬಳಿ ಬಂದಾಗ ಆ ಭಾಷೆಯೂ ಹಗುರವಾಗಿ ಹಾರುತ್ತದೆ.

‘ಇಂಡಿಯಾ ವಿನ್ಸ್ ಫ್ರೀಡಂ’ ಕೃತಿಯ ಮುಚ್ಚಿಟ್ಟಿದ್ದ ಮೂವತ್ತು ಪುಟಗಳು 1988ರಲ್ಲಿ ಹೊರಬಂದಾಗ ದೇಶವೆಲ್ಲ ಚರ್ಚಿಸಿತು. ಅಲ್ಲಿ ನೆಹರೂ ಬಗ್ಗೆ ಏನಿದೆ, ಪಟೇಲರ ಬಗ್ಗೆ ಏನಿದೆ ಎಂಬುದೇ ಮಾತು. ಯಾವತ್ತೂ ತೆರೆದೇ ಇದ್ದ ‘ಗುಬಾರೆ ಖಾತಿರ್’ ಬಗ್ಗೆ ಅಂಥ ಕುತೂಹಲ ಕಾಣಲಿಲ್ಲ. ಅಳಿಸಲು ಹೊರಟವರಿಗೆ ಆಝಾದರು ಪಠ್ಯದ ಒಂದು ಹೆಸರು ಮಾತ್ರ. ಅವರನ್ನು ನಮ್ಮವರೆನ್ನುವ ನಾವಾದರೂ ನವೆಂಬರ್ 11ರ ಭಾಷಣ ಮುಗಿಸಿ ಹಾರ ತೆಗೆದಿಡುವ ಮುನ್ನ ಮಕ್ಕಳಿಗೆ ಆ ಗುಬ್ಬಚ್ಚಿಗಳ ಕಥೆ ಹೇಳಬಹುದು. ಜುಲೇಖಾರ ಹೆಸರನ್ನೂ ಹೇಳಬಹುದು.