‘ಆನೆಸ್ಟ್’ ಶಬ್ದವೂ ‘ಒಥೆಲೋ’ ನಾಟಕವೂ

ಇಂಗ್ಲಿಷ್ ಭಾಷೆಯ ಅಪರೂಪದ ಶಬ್ದಗಳಿಗೆ ಅರ್ಥ ಹೇಳುವುದು ಸುಲಭ. ಸಾಮಾನ್ಯ ಶಬ್ದಗಳಿಗೆ ಹೇಳುವುದೇ ಕಷ್ಟ. ಕೇಳರಿಯದ ಶಬ್ದ ಎದುರಾದಾಗ ವಿದ್ಯಾರ್ಥಿಯು ನಿಘಂಟನ್ನು ತೆರೆಯುತ್ತಾನೆ. ನಿತ್ಯದ ಶಬ್ದವನ್ನು ತಾನು ಬಲ್ಲೆನೆಂದು ದಾಟಿಹೋಗುತ್ತಾನೆ. ‘ಆನೆಸ್ಟ್’ ಎಂಬುದು ಅಂತಹ ಶಬ್ದ. ಇದಕ್ಕೆ ‘ಪ್ರಾಮಾಣಿಕ’ ಎಂಬ ಒಂದೇ ಪ್ರತಿಪದವನ್ನು ಹೇಳಿಕೊಡುವುದು ರೂಢಿಯಾಗಿದೆ. ಲೋಕವ್ಯವಹಾರಕ್ಕೆ ಅಷ್ಟು ಸಾಕು. ಆದರೆ ಷೇಕ್ಸ್‌ಪಿಯರನ ‘ಒಥೆಲೋ’ ನಾಟಕವನ್ನು ಈ ಒಂದು ಪ್ರತಿಪದವನ್ನು ಹಿಡಿದು ಓದಿದವನಿಗೆ ಆ ದುರಂತವು ಹೇಗೆ ನಡೆಯಿತೆಂಬುದೇ ತಿಳಿಯುವುದಿಲ್ಲ. ಒಬ್ಬ ಮೂರ್ಖನು ಒಂದು ಕರವಸ್ತ್ರಕ್ಕಾಗಿ ಹೆಂಡತಿಯನ್ನು ಕೊಂದನೆಂದು ಮಾತ್ರ ತೋರುತ್ತದೆ. 1693ರಲ್ಲಿ ತಾಮಸ್ ರೈಮರನು ಈ ನಾಟಕವನ್ನು ಹಾಸ್ಯಮಾಡಿದ್ದೂ ಇದೇ ಜಾಡಿನಲ್ಲಿ.

ಈ ಶಬ್ದದ ಮೂಲವು ಲ್ಯಾಟಿನ್ ಭಾಷೆಯ ‘ಹೊನೆಸ್ತುಸ್’. ‘ಹೊನೊಸ್’ ಎಂದರೆ ಗೌರವ. ಗೌರವಕ್ಕೆ ಅರ್ಹನಾದವನು ‘ಹೊನೆಸ್ತುಸ್’. ಕ್ರಿ. ಪೂ. 44ರಲ್ಲಿ ಸಿಸೆರೋ ತನ್ನ ಕರ್ತವ್ಯವಿಚಾರದ ಗ್ರಂಥದಲ್ಲಿ ಲಾಭಕರವಾದುದಕ್ಕೆ ಎದುರಾಗಿ ನಿಲ್ಲಿಸಿದ್ದು ಈ ಗುಣವನ್ನೇ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗಲೂ ಮೊದಲ ಅರ್ಥವು ‘ಮರ್ಯಾದಸ್ಥ’ ಎಂಬುದೇ. ಸುಳ್ಳಾಡದವನು, ಪರರ ಹಣವನ್ನು ಮುಟ್ಟದವನು ಎಂಬ ಇಂದಿನ ಅರ್ಥವು ಬರಬರುತ್ತ ಪ್ರಬಲವಾಯಿತು. ಸ್ತ್ರೀಯ ವಿಷಯದಲ್ಲಾದರೋ ಮರ್ಯಾದೆಯೆಂದರೆ ಶೀಲವೇ ಎಂದು ಸಮಾಜವು ನಿಶ್ಚಯಿಸಿದ್ದರಿಂದ, ‘ಆನೆಸ್ಟ್’ ಸ್ತ್ರೀಯೆಂದರೆ ಪತಿವ್ರತೆಯೆಂದಾಯಿತು. ತಾನು ಕೂಡಿದ್ದ ಹೆಂಗಸನ್ನು ಆಮೇಲೆ ಮದುವೆಯಾದವನು ಅವಳನ್ನು ‘ಆನೆಸ್ಟ್’ ಮಾಡಿದನೆಂಬ ನುಡಿಗಟ್ಟು ಇಂಗ್ಲಿಷಿನಲ್ಲಿ ಬಹುಕಾಲ ಉಳಿದುಬಂದಿದೆ. ತೆಳುವಾದ ಸಿಪ್ಪೆಯ ಮೂಲಕ ಒಳಗಿನ ಬೀಜವನ್ನು ತೋರಿಸುವ ಒಂದು ಗಿಡಕ್ಕೂ ಇಂಗ್ಲಿಷರು ‘ಆನೆಸ್ಟಿ’ ಎಂದು ಹೆಸರಿಟ್ಟಿದ್ದಾರೆ. ನಿಘಂಟುಕಾರರಿಗಿಂತ ತೋಟಗಾರರು ಈ ಶಬ್ದವನ್ನು ಚೆನ್ನಾಗಿ ಅರಿತಿದ್ದರೋ ಏನೋ!

ಇವೆಲ್ಲಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪ್ರಯೋಗವುಂಟು. ಮೇಲಿನವನು ಕೆಳಗಿನವನನ್ನು ಮೆಚ್ಚಿ ‘ಆನೆಸ್ಟ್’ ಎಂದಾಗ ಆ ಮೆಚ್ಚಿಕೆಯಲ್ಲಿ ಒಂದು ತಾತ್ಸಾರವೂ ಅಡಗಿರುತ್ತದೆ: ಒಳ್ಳೆಯವನು, ನೇರ ಮಾತಿನವನು, ನಂಬಬಹುದಾದವನು, ಆದರೆ ತನ್ನ ಸರಿಸಮಾನನಲ್ಲ. ವಿಲಿಯಂ ಎಂಪ್ಸನ್ನನು 1951ರಲ್ಲಿ ಪ್ರಕಟಿಸಿದ ‘ದಿ ಸ್ಟ್ರಕ್ಚರ್ ಆಫ್ ಕಾಂಪ್ಲೆಕ್ಸ್ ವರ್ಡ್ಸ್’ ಎಂಬ ಗ್ರಂಥದಲ್ಲಿ ಈ ಛಾಯೆಯನ್ನು ವಿಶೇಷವಾಗಿ ವಿವೇಚಿಸಿದ್ದಾನೆ. ‘ಆನೆಸ್ಟ್’, ‘ಆನೆಸ್ಟಿ’ ಎಂಬ ಎರಡು ರೂಪಗಳೂ ಸೇರಿ ನಾಟಕದಲ್ಲಿ 52 ಸಲ ಬಂದಿವೆಯೆಂಬುದು ಅವನ ಎಣಿಕೆ. ಧ್ವಜಧಾರಿಯಾದ ಇಯಾಗೋ ಈ ಬಿರುದನ್ನು ಕೇಳಿ ಕೇಳಿ ಒಳಗೇ ಕುದಿಯುತ್ತಿದ್ದನೆಂಬ ಅವನ ಸೂಚನೆಯು ಬಹುಮಟ್ಟಿಗೆ ಒಪ್ಪತಕ್ಕದ್ದು. ದಂಡನಾಯಕನ ಕೆಳಗಿನ ಉನ್ನತ ಪದವಿ ಕ್ಯಾಸಿಯೋವಿಗೆ ಹೋಯಿತು. ಇಯಾಗೋವಿಗೆ ಉಳಿದದ್ದು ಈ ವಿಶೇಷಣ. ಮೊದಲ ದೃಶ್ಯದಲ್ಲಿಯೇ ಅವನು, ಒಡೆಯನಿಗಾಗಿ ಕತ್ತೆಯಂತೆ ದುಡಿದು ಮುಪ್ಪಿನಲ್ಲಿ ಹೊರದೂಡಲ್ಪಡುವ ಸೇವಕರನ್ನು ಇದೇ ಶಬ್ದದಿಂದ ಹಂಗಿಸುತ್ತಾನೆ. ಆದರೂ ಇಯಾಗೋವಿನ ದುಷ್ಟತನವನ್ನೆಲ್ಲ ಈ ಒಂದು ಕುದಿಯಿಂದಲೇ ವಿವರಿಸಲು ಹೊರಟರೆ ಶಬ್ದದ ಮೇಲೆ ಹೊರಲಾರದ ಭಾರವನ್ನು ಹೊರಿಸಿದಂತಾಗುತ್ತದೆ. ಶಬ್ದವು ಅವನಿಗೆ ಕಾರಣವಾದುದಕ್ಕಿಂತ ಹೆಚ್ಚಾಗಿ ಉಪಕರಣವಾಯಿತು.

ಆ ಉಪಕರಣದ ಕೆಲಸವು ಮೂರನೆಯ ಅಂಕದ ಮೂರನೆಯ ದೃಶ್ಯದಲ್ಲಿ ಕಾಣುತ್ತದೆ. ಕ್ಯಾಸಿಯೋ ‘ಆನೆಸ್ಟ್’ ಅಲ್ಲವೇ ಎಂದು ಒಥೆಲೋ ಕೇಳುತ್ತಾನೆ. ಇಯಾಗೋ ಉತ್ತರ ಕೊಡುವುದಿಲ್ಲ. ಆ ಶಬ್ದವನ್ನೇ ಪ್ರಶ್ನೆಯಾಗಿ ಹಿಂದಿರುಗಿಸುತ್ತಾನೆ. ಒಥೆಲೋ ಅದನ್ನು ಮತ್ತೆ ಎತ್ತಿಕೊಳ್ಳುತ್ತಾನೆ. ಆರೋಪವಿಲ್ಲ, ಸಾಕ್ಷ್ಯವಿಲ್ಲ, ಒಂದು ಶಬ್ದವು ಇಬ್ಬರ ನಡುವೆ ಓಡಾಡಿ ಮಲಿನವಾಗುತ್ತದೆ. ಗಂಡಸಿನ ನಂಬಿಕೆಯ ಮಾತಾಗಿ ಹೊರಟದ್ದು ಹೆಂಗಸಿನ ಶೀಲದ ಮಾತಾಗಿ ಮುಗಿಯುತ್ತದೆ, ಮತ್ತು ಈ ಮಾರ್ಪಾಟು ಎಲ್ಲಿ ಆಯಿತೆಂದು ಒಥೆಲೋವಿಗೆ ತಿಳಿಯುವುದೇ ಇಲ್ಲ. ಅದೇ ದೃಶ್ಯದಲ್ಲಿ ಮುಂದೆ, ಹೆಂಡತಿಯು ಸತಿಯೆಂದೂ ಅಲ್ಲವೆಂದೂ, ಇಯಾಗೋ ನಂಬತಕ್ಕವನೆಂದೂ ಅಲ್ಲವೆಂದೂ ತನಗೆ ತೋರುತ್ತಿದೆಯೆಂದು ಅವನು ತೊಳಲಾಡುತ್ತಾನೆ. ಅಲ್ಲಿ ಕವಿಯು ‘ಆನೆಸ್ಟ್’ ಎಂಬುದನ್ನು ಡೆಸ್ಡಿಮೋನಳಿಗೆ ಕೊಟ್ಟು, ಇಯಾಗೋವಿಗೆ ‘ಜಸ್ಟ್’ ಎಂಬ ಬೇರೆ ಶಬ್ದವನ್ನು ಇಟ್ಟಿದ್ದಾನೆ. ಇಬ್ಬರಿಗೂ ಒಂದೇ ವಿಶೇಷಣವನ್ನು ಆ ವಾಕ್ಯದಲ್ಲಿ ಅಕ್ಕಪಕ್ಕ ಇಟ್ಟಿದ್ದರೆ, ಒಬ್ಬರು ಅದಕ್ಕೆ ತಕ್ಕವರಾದರೆ ಇನ್ನೊಬ್ಬರು ಅಲ್ಲವೆಂಬುದು ಒಥೆಲೋವಿನ ಕಣ್ಣಿಗೆ ಬೀಳುತ್ತಿತ್ತೇನೋ.

ಇದನ್ನು ಶ್ಲೇಷವೆಂದು ಕರೆದು ಸುಮ್ಮನಾಗುವಂತಿಲ್ಲ. ಶ್ಲೇಷದಲ್ಲಿ ಎರಡರ್ಥಗಳೂ ಕವಿಗೂ ಸಹೃದಯನಿಗೂ ತಿಳಿದಿರುತ್ತವೆ. ಚಮತ್ಕಾರವು ಅದರಿಂದಲೇ ಹುಟ್ಟುವುದು. ಇಲ್ಲಿ ಹೇಳುವವನ ಅರ್ಥವೊಂದು, ಕೇಳುವವನ ಅರ್ಥವೊಂದು. ಎರಡನ್ನೂ ಬಲ್ಲ ಪ್ರೇಕ್ಷಕನಿಗೆ ಹುಟ್ಟುವುದು ಚಮತ್ಕಾರವಲ್ಲ, ಭಯ.

ಹೀಗಿರಲು ಕನ್ನಡದ ಅನುವಾದಕನು ಏನು ಮಾಡಬೇಕು? ಈ ನಾಟಕವು ಕನ್ನಡಕ್ಕೆ ಹೊಸತಲ್ಲ. 19ನೆಯ ಶತಮಾನದಲ್ಲಿಯೇ ಬಸಪ್ಪಶಾಸ್ತ್ರಿಗಳು ಇದನ್ನು ‘ಶೂರಸೇನ ಚರಿತ್ರೆ’ಯೆಂದು ಕನ್ನಡಿಸಿದರು. ಸಂದರ್ಭವರಿತು ಇಲ್ಲಿ ‘ಪ್ರಾಮಾಣಿಕ’, ಅಲ್ಲಿ ‘ನಂಬಿಕಸ್ಥ’, ಮತ್ತೊಂದೆಡೆ ‘ಪತಿವ್ರತೆ’ ಎಂದು ಬಳಸುವುದು ಪಂಡಿತರು ಮೆಚ್ಚುವ ಮಾರ್ಗ. ಪ್ರತಿಯೊಂದು ವಾಕ್ಯವೂ ಅದರಿಂದ ಶುದ್ಧವಾಗುತ್ತದೆ, ನಾಟಕವು ಕೆಡುತ್ತದೆ. ಇಯಾಗೋ ಕದ್ದ ದಾರಿಯನ್ನೇ ಅನುವಾದಕನು ಮುಚ್ಚಿದಂತಾಗುತ್ತದೆ. ಅದಕ್ಕಿಂತ ‘ಸಾಧು’ ಶಬ್ದವನ್ನು ಪರೀಕ್ಷಿಸುವುದು ಮೇಲು. ಗಂಡಸನ್ನು ಸಾಧುವೆಂದರೆ ಒಳ್ಳೆಯವನೆಂಬ ಮೆಚ್ಚಿಕೆಯೊಡನೆ ‘ಪಾಪ’ ಎಂಬ ತಾತ್ಸಾರವೂ ಸೇರುತ್ತದೆ. ಅದೇ ಶಬ್ದದ ಸ್ತ್ರೀಲಿಂಗವಾದ ‘ಸಾಧ್ವಿ’ಗೆ ಪತಿವ್ರತೆಯೆಂಬುದೇ ರೂಢಾರ್ಥ. ಇಂಗ್ಲಿಷ್ ಸಮಾಜವು ಮಾಡಿದ ಪಕ್ಷಪಾತವನ್ನೇ ಸಂಸ್ಕೃತವೂ ಮಾಡಿದೆ. ಅನುವಾದಕನಿಗೆ ಅದರಿಂದ ಉಪಕಾರವೇ. ಒಂದು ಕೊರತೆಯುಂಟು: ಕಡ್ಡಿ ಮುರಿದಂತೆ ಮಾತನಾಡುವ ಸಿಪಾಯಿಯ ಒರಟುತನ ‘ಸಾಧು’ವಿನಲ್ಲಿಲ್ಲ. ಹಸುವೂ ಸಾಧುವೇ, ಇಯಾಗೋವನ್ನು ಯಾರೂ ಹಸುವೆಂದು ತಿಳಿದಿರಲಿಲ್ಲ. ಈ ಕೊರತೆಯನ್ನು ನಟನ ಕಂಠವು ತುಂಬಬೇಕು.

ಕೊನೆಯ ಅಂಕದಲ್ಲಿ ಬಿಯಾಂಕಳು ತನ್ನನ್ನು ಜರೆದ ಎಮಿಲಿಯಳಿಗೆ, ನಿನ್ನಷ್ಟೇ ತಾನೂ ‘ಆನೆಸ್ಟ್’ ಎಂದು ತಿರುಗಿ ಹೇಳುತ್ತಾಳೆ; ಇಷ್ಟು ಹೊತ್ತಿಗೆ ಆ ಮಾತು ಹಸನವೋ ಸತ್ಯವೋ ಹೇಳುವುದು ಕಷ್ಟ. ತರುವಾಯ, ಎಲ್ಲವೂ ಬಯಲಾಗಿ ಕತ್ತಿಯನ್ನೂ ಕಳೆದುಕೊಂಡ ಒಥೆಲೋ, ‘ಆನೆಸ್ಟಿ’ ಹೋದ ಮೇಲೆ ‘ಆನರ್’ ಮಾತ್ರ ಏಕೆ ಉಳಿಯಬೇಕೆಂದು ಕೇಳುತ್ತಾನೆ. ಒಂದೇ ಬೇರಿನ ಎರಡು ಶಬ್ದಗಳು ಅಲ್ಲಿ ಎದುರೆದುರು ನಿಲ್ಲುತ್ತವೆ. ಹೋದದ್ದು ಯಾರದು, ಅವನದೇ, ಅವಳದೇ, ಇಯಾಗೋವಿನದೇ ಎಂಬುದನ್ನು ಕವಿ ಬಿಡಿಸಿ ಹೇಳಿಲ್ಲ. ಇಲ್ಲಿ ಕನ್ನಡದ ತೊಡಕು ತಲೆಕೆಳಗಾಗುತ್ತದೆ. ಗಂಡಸಿನ ಗೌರವವೂ ‘ಮಾನ’ವೇ, ಹೆಂಗಸಿನ ಶೀಲವೂ ‘ಮಾನ’ವೇ. ಇಂಗ್ಲಿಷ್ ಎರಡು ಶಬ್ದಗಳನ್ನು ಬೇಡುವಲ್ಲಿ ಕನ್ನಡವು ಒಂದನ್ನೇ ಮುಂದೆ ಮಾಡುತ್ತದೆ. ಆ ಒಂದನ್ನು ಎರಡು ಸಲ ನುಡಿಸಿ, ಎರಡನೆಯ ಸಲ ಬೇರೆಯಾಗಿ ಕೇಳುವಂತೆ ಮಾಡುವುದು ಸಾಧ್ಯವೇ ಎಂಬುದನ್ನು ರಂಗಭೂಮಿಯ ಮೇಲೆಯೇ ಪರೀಕ್ಷಿಸಿ ನೋಡಬೇಕು.